ಒಂದು ಓ ಹೆಚ್ಚು

ಕಾರವಾರದ ಕೋರ್ಟಿನೆದುರು, ಗೇಟಿನಿಂದ ಮೂರನೇ ಮೇಜು ನನ್ನದು.
ಮೇಲೆ ತಗಡು, ಎದುರಿಗೆ ನನಗಿಂತ ಹಳೆಯ ರೆಮಿಂಗ್ಟನ್.
ಪುಟಕ್ಕೆ ಎಂಟು ರೂಪಾಯಿ, ಕಾರ್ಬನ್ ಪ್ರತಿಗೆ ಎರಡು,
ತಪ್ಪು ತಿದ್ದುವುದಕ್ಕೆ ಏನೂ ಇಲ್ಲ,
ಅದು ನನ್ನ ಚಟ.

ಶಿರವಾಡದ ಮಾಸ್ತರರು ರಜೆ ಬೇಡಿ ಬರೆದು ತಂದರು,
ಪ್ರಿನ್ಸಿಪಾಲರ ಜಾಗದಲ್ಲಿ ಪ್ರಿನ್ಸಿಪಲ್ ಕೂತಿತ್ತು.
‘ಸರ್, ಇದು ತತ್ವ. ನಿಮಗೆ ಬೇಕಾದ್ದು ಮನುಷ್ಯ.’
‘ನಮ್ಮಲ್ಲಿ ಎರಡೂ ಇಲ್ಲ, ಹುದ್ದೆ ಖಾಲಿ ಉಂಟು,
ಯಾವುದಾದರೂ ಹೊಡೆಯಿರಿ.’

ಬೀಚಿನ ಹೋಟೆಲಿನ ರುಜಾರ್ ಮೆನು ತಂದ.
ಐಸ್‌ಕ್ರೀಮಿನ ತಲೆಯ ಮೇಲೆ ಒಂದೇ ಎಸ್ಸಿನ ಡೆಸರ್ಟು.
ಇನ್ನೊಂದು ಎಸ್ ಹಾಕದಿದ್ದರೆ ಮರುಭೂಮಿ ಮಾರಾಯ, ಅಂದೆ.
‘ಇರಲಿ ಬಿಡಿ. ಗಾಳಿ ಎದ್ದರೆ ಪ್ಲೇಟಿಗೆ ಬೀಳುವುದು ಅದೇ.’

ಪೆನ್ನು ಕಾಗದದ ಸ್ಟೇಷನರಿಗೆ ಇ,
ಅಲ್ಲಾಡದೆ ನಿಂತ ಸ್ಟೇಷನರಿಗೆ ಎ:
ಮೇಜಿನ ಮೇಲೆ ಅದು,
ಮೇಜಿನ ಹಿಂದೆ ಇಪ್ಪತ್ತೆಂಟು ವರ್ಷದಿಂದ ಇದು.

ಗುಲಾಬಿ ತಾಂಡೇಲ ಬಂದದ್ದು ಮಧ್ಯಾಹ್ನ, ಮೀನು ಮಾರಿ,
ಖಾಲಿ ಬುಟ್ಟಿ ಸೊಂಟದಲ್ಲಿ, ಕೈಯಲ್ಲಿ ವಾಪಸು ಬಂದ ಅರ್ಜಿ.
ಒಂಬತ್ತನೇ ಇಯತ್ತೆಯ ಮಗಳು ಬರೆದದ್ದು:
ಅಪ್ಪನ ಪಾತಿ ಬೈತಖೋಲದಿಂದ ಹೊರಟದ್ದು,
ದೇವಗಡದ ದೀಪದಾಚೆ ಗಾಳಿ ತಿರುಗಿದ್ದು,
ಆಮೇಲೆ ಏನೂ ಇಲ್ಲದ್ದು.
ಕೊನೆಯ ಸಾಲು, ವಿ ಲೂಸ್ ದ ಬೋಟ್ ಆಂಡ್ ಫಾದರ್.
ಲೂಸಿನಲ್ಲಿ ಎರಡು ಓ.
ಎರಡಕ್ಕೂ ಸಾಹೇಬರ ಕೆಂಪು ಸುತ್ತು,
ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ, ಗಾಳದ ಹಾಗೆ.

ನಾನು ಪಾಠ ಶುರು ಮಾಡಿದೆ.
ಎರಡು ಓ ಇದ್ದರೆ ಸಡಿಲ. ಹಗ್ಗ ಬಿಚ್ಚಿಕೊಂಡದ್ದು, ರವಿಕೆ ದೊಗಳೆಯಾದದ್ದು.
ಒಂದೇ ಇದ್ದರೆ ಕಳೆದುಕೊಂಡದ್ದು.
ಅದರ ಕೊನೆಯಲ್ಲಿ ಒಂದು ಗುಂಯ್‌ಗುಡುವ ಸದ್ದು ಬರಬೇಕು,
ಕನ್ನಡದ ಮಾಸ್ತರರಿಗೆ ಬರುವುದಿಲ್ಲ,
ನಿನ್ನ ಕೊಂಕಣಿ ನಾಲಿಗೆಗೆ ಬರುತ್ತದೆ,
‘ಆಜ್’ ಅನ್ನುತ್ತೀಯಲ್ಲ, ಹಾಗೆ.

‘ಆಜ್’ ಅಂದಳು. ಇವತ್ತು.
ತುಟಿಯಲ್ಲೇ ಎರಡನ್ನೂ ತಿರುಗಿಸಿ ನೋಡಿದಳು,
ಬಂಗಡೆ ಇವತ್ತಿನದೋ ನಿನ್ನೆಯದೋ ಎಂದು
ಕಿವಿರೆತ್ತಿ ನೋಡುವವರ ಹಾಗೆ.

‘ಹಗ್ಗ ಬಿಚ್ಚಿಹೋದ ದೋಣಿ ಎಲ್ಲಾದರೂ ಇರುತ್ತದಲ್ಲ, ಅಕ್ಕೋರೆ?
ಗೋವೆಯ ಕಡೆ? ರತ್ನಾಗಿರಿಯ ಕಡೆ?’
ಇರಬಹುದು, ಅಂದೆ.
‘ಹಾಗಾದರೆ ಎರಡೇ ಇರಲಿ.
ಸುತ್ತು ಹಾಕುವವರು ಹಾಕಲಿ.’
ಹಾಗೆ ಬರೆದರೆ ದುಡ್ಡು ಬರುವುದಿಲ್ಲ, ಅಂದೆ.
ಅವಳಿಗೆ ಅದು ಗೊತ್ತಿತ್ತು.

ಹೋದ ವರ್ಷ ಇದೇ ಮೇಜಿಗೆ ಇವಳದೇ ಕನ್ನಡ ಅರ್ಜಿ ಬಂದಿತ್ತು,
‘ನಮ್ಮ ಬಳೆ ಹರಿದಿರುತ್ತದೆ, ಹೊಸದಕ್ಕೆ ಸಹಾಯಧನ ಕೊಡಿಸಬೇಕು.’
ಹರಿಯುವುದು ಬಲೆ, ಒಡೆಯುವುದು ಬಳೆ ಎಂದು
ನಾನೂ ನಕ್ಕು, ಅವಳೂ ನಕ್ಕು,
ಅವಳ ಗಂಡ ಬಾಗಿಲ ಕಂಬಕ್ಕೊರಗಿ ಬೀಡಿ ಕೆಮ್ಮುತ್ತ ನಕ್ಕಿದ್ದ.
ಈಗ ಮೇಜಿನಂಚಿಗೆ ಅವಳ ಕೈ,
ಹಸಿರು ಗಾಜು, ಒಂದು ಡಜನ್, ಪೂರ್ತಿ.
ಎಣಿಸಲಿಲ್ಲ ಅಂದರೆ ಸುಳ್ಳಾದೀತು.

ಕಾಗದ ಸುತ್ತಿದೆ.
ನನ್ನ ಯಂತ್ರದ ಓ ಅಚ್ಚು ವಿಪರೀತ ಹರಿತ,
ಒತ್ತಿದರೆ ಅಕ್ಷರ ಉಳಿಯದು, ತೂತು ಬೀಳುತ್ತದೆ:
ಬೋಟಿನಲ್ಲಿ ಒಂದು,
ಲೂಸಿನಲ್ಲಿ ಎರಡು, ಒತ್ತೊತ್ತಾಗಿ, ಬಲೆಯ ಕಣ್ಣಿನ ಹಾಗೆ.
ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು,
ಬೇಡವೆಂದರೂ ಎಂಟು ರೂಪಾಯಿ ಇಟ್ಟಳು,
ಚಿಲ್ಲರೆಗೆ ಮೀನಿನ ವಾಸನೆ.

ಗೇಟಿನ ತನಕ ಹೋದವಳು ತಿರುಗಿ ಬಂದು ಅಂದಳು:
‘ಮಗಳಿಗೆ ಹೇಳುತ್ತೇನೆ,
ಪರೀಕ್ಷೆಯಲ್ಲಿ ಒಂದೇ ಓ ಬರಿ ಅಂತ.’